ತಿತಿ ಹಕ್ಕಿಗೆ ಹಾರಲು ಬರುತ್ತದೆ, ಇಳಿಯಲು ಜಾಗವಿಲ್ಲ

ಪ್ರಶ್ನೆ: ಪೆಸಿಫಿಕ್ ಸಾಗರದ ನಾಲ್ಕೈದು ದ್ವೀಪಗಳಲ್ಲಿ ಮಾತ್ರ ಉಳಿದಿರುವ, ನಮ್ಮ ಗದ್ದೆಗೊರವದ ಬಳಗದ ಹಕ್ಕಿಯೊಂದಿದೆ ಎಂದು ಓದಿದೆ. ನಮ್ಮ ಕರಾವಳಿಗೆ ಈ ಬಳಗದ ಹಕ್ಕಿಗಳು ಸೈಬೀರಿಯಾದಿಂದ ಹಾರಿ ಬರುತ್ತವೆ. ಹಾಗಿರುವಾಗ ಈ ಹಕ್ಕಿ ಪಕ್ಕದ ದ್ವೀಪಕ್ಕೆ ಹೋಗಿ ಯಾಕೆ ಬದುಕಿಕೊಳ್ಳುವುದಿಲ್ಲ? ಮೃಗಾಲಯದಲ್ಲಿ ಮರಿ ಮಾಡಿಸಿ ಬೇರೆ ದ್ವೀಪಗಳಿಗೆ ಬಿಡಬಹುದಲ್ವಾ? ನಮ್ಮಂಥವರು ಹೋಗಿ ನೋಡಲು ಸಾಧ್ಯವೇ?
(ಓದುಗರೊಬ್ಬರು, ಕುಂದಾಪುರ)

ಉತ್ತರ:

ನೀವು ಓದಿರುವುದು ತುವಾಮೊಟು ಸ್ಯಾಂಡ್‌ಪೈಪರ್ ಬಗ್ಗೆ ಇರಬೇಕು. ಅಲ್ಲಿನ ಜನ ಇದನ್ನು ತಿತಿ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ತಿತಿಗೆ ಹಾರಲು ಬರುತ್ತದೆ. ಹಾರಿ ಹೋದ ಮೇಲೆ ಇಳಿದು ಮೊಟ್ಟೆ ಇಡಲು ಜಾಗ ಇಲ್ಲ, ತೊಂದರೆ ಅಲ್ಲಿರುವುದು. ಯಾಕೆ ಜಾಗ ಇಲ್ಲ ಎನ್ನುವುದು ಸ್ವಲ್ಪ ಉದ್ದದ ಕತೆ. ಅದರಲ್ಲಿ ನಮ್ಮ ದಕ್ಷಿಣ ಭಾರತದಿಂದ ಹೊರಟ ಒಂದು ಪ್ರಾಣಿಯ ಪಾತ್ರವೂ ಇದೆ.

ಮೊದಲು ಜಾಗದ ಪರಿಚಯ. ತುವಾಮೊಟು ಎನ್ನುವುದು ಫ್ರೆಂಚ್ ಪಾಲಿನೇಷ್ಯಾದ ದ್ವೀಪಸಮೂಹ. ಟಹೀಟಿಯ ಪೂರ್ವಕ್ಕೆ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡಿದೆ. ಅಲ್ಲಿರುವ ಸುಮಾರು 80 ದ್ವೀಪಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಟಾಲ್‌ಗಳು. ಅಂದರೆ ನಡುವೆ ತಿಳಿನೀರಿನ ಲಗೂನ್, ಅದರ ಸುತ್ತ ಉಂಗುರದ ಹಾಗೆ ಹವಳದ ದಿಬ್ಬ, ಆ ದಿಬ್ಬದ ಮೇಲೆ ಅಲ್ಲಲ್ಲಿ ಗಿಡಮರ ಬೆಳೆದ ಸಣ್ಣ ಸಣ್ಣ ತುಂಡು ನೆಲ. ಈ ತುಂಡುಗಳನ್ನು ಅವರು ಮೊಟು ಎನ್ನುತ್ತಾರೆ. ಮಂಗಳೂರಿನ ಹಳೇ ಬಂದರಿನಿಂದ ಸರಕು ಹೊರಡುತ್ತದಲ್ಲ, ಆ ಲಕ್ಷದ್ವೀಪವೂ ಅಟಾಲ್‌ಗಳ ಸಮೂಹವೇ. ಹಾಗಾಗಿ ನಿಮ್ಮ ಕಡೆಯವರಿಗೆ ಈ ನೆಲದ ಸ್ವರೂಪ ತೀರಾ ಅಪರಿಚಿತ ಅಲ್ಲ. ತೆಂಗು, ಹವಳದ ಪುಡಿ, ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರ.

ಇಂಥ ದ್ವೀಪಗಳ ಪೈಕಿ ತೆನರಾರೊ, ಮೊರಾನೆ, ತಹಾನೆಯ, ರೆಯಿತೊರು ಹೀಗೆ ಬೆರಳೆಣಿಕೆಯ ಅಟಾಲ್‌ಗಳಲ್ಲಿ ತಿತಿ ಉಳಿದಿದೆ. ಒಟ್ಟು ಸಂಖ್ಯೆ ಅಂದಾಜು ಸಾವಿರದಿಂದ ಸಾವಿರದ ಮುನ್ನೂರರ ಆಸುಪಾಸು. ಅದರಲ್ಲೂ ದೊಡ್ಡ ಪಾಲು ತೆನರಾರೊ ಮತ್ತು ಮೊರಾನೆಯಲ್ಲಿದೆ. ಎರಡರಲ್ಲೂ ಜನವಸತಿ ಇಲ್ಲ.

ಹಕ್ಕಿ ನೋಡಲು ಏನೂ ವಿಶೇಷ ಇಲ್ಲ, ನಿಜ ಹೇಳಬೇಕೆಂದರೆ. ಹದಿನೈದು ಹದಿನಾರು ಸೆಂಟಿಮೀಟರ್ ಉದ್ದ, ನಲವತ್ತು ಗ್ರಾಂ ಆಸುಪಾಸು ತೂಕ, ಮೈತುಂಬ ಕಂದು ಬಿಳಿ ಗೆರೆ ಮಚ್ಚೆ. ಕೆಲವು ಹಕ್ಕಿಗಳು ಗಾಢ ಬಣ್ಣದವು, ಕೆಲವು ತಿಳಿ ಬಣ್ಣದವು. ಸಣ್ಣ ಸಿಳ್ಳೆಯಂಥ ಕೂಗು. ಆದರೆ ಕೊಕ್ಕು ನೋಡಿದರೆ ಅನುಮಾನ ಬರುತ್ತದೆ. ಕೆಸರಿಗೆ ಚುಚ್ಚಿ ಹುಳ ಎಳೆಯುವ ಹಕ್ಕಿಗಳಿಗೆ ಕೊಕ್ಕು ಉದ್ದ ಇರಬೇಕು. ಇದರದ್ದು ಗಿಡ್ಡ, ಚೂಪು. ಕೀಟ ಹೆಕ್ಕುವ ಪೊದೆ ಹಕ್ಕಿಗಳ ಕೊಕ್ಕಿನ ಹಾಗೆ.

ಇದರ ಬದುಕೂ ಹಾಗೆಯೇ. ತಿತಿ ನೀರಂಚಿನಲ್ಲಿ ಓಡಾಡುತ್ತದೆ, ಹವಳದ ಚೂರುಗಳ ನಡುವೆ ಹೆಕ್ಕುತ್ತದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಒಳಗಿನ ಕಾಡಿಗೆ ಹೋಗಿ ಒಣ ಎಲೆ ಕೆದಕುತ್ತದೆ, ಪೊದೆ ಹತ್ತುತ್ತದೆ, ಕೊಂಬೆ ಮೇಲೆ ಕೂರುತ್ತದೆ. ಇರುವೆ, ಜಿಗಿಹುಳು, ಕಣಜ ತಿನ್ನುತ್ತದೆ. ಹೂವಿನ ಮಕರಂದವನ್ನೂ ಹೀರುತ್ತದೆ! ಗೊರವದ ಬಳಗದ ಹಕ್ಕಿ ಹೂವಿಗೆ ಕೊಕ್ಕು ಹಾಕುವುದೆಂದರೆ ಹಕ್ಕಿ ನೋಡುವವರಿಗೆ ನಂಬಲು ಸ್ವಲ್ಪ ಹೊತ್ತು ಬೇಕು. ಜೇನು ಕುಡಿಯಲು ಸೂರಕ್ಕಿ ಇಲ್ಲ, ಎಲೆ ಕೆದಕಲು ಹರಟೆಮಲ್ಲ ಇಲ್ಲ ಎನ್ನುವಂಥ ದ್ವೀಪದಲ್ಲಿ ಆ ಕೆಲಸಗಳನ್ನೆಲ್ಲ ಇದೇ ಹಕ್ಕಿ ವಹಿಸಿಕೊಂಡಿದೆ.

ಈಗ ವಲಸೆಯ ವಿಷಯ. ನಿಮ್ಮ ಪ್ರಶ್ನೆಯ ಜೀವ ಇರುವುದು ಇಲ್ಲೇ.

ದೂರ ಹಾರುವುದರಲ್ಲಿ ಈ ಬಳಗದವರನ್ನು ಮೀರಿಸುವವರು ಕಡಿಮೆ. 2022ರಲ್ಲಿ ಐದು ತಿಂಗಳ ವಯಸ್ಸಿನ ಒಂದು ಗಾಡ್‌ವಿಟ್ ಅಲಾಸ್ಕದಿಂದ ಹೊರಟು 11 ದಿನ ಎಲ್ಲೂ ಇಳಿಯದೆ 13,560 ಕಿಲೋಮೀಟರ್ ಹಾರಿ ಟಾಸ್ಮೇನಿಯಾ ಮುಟ್ಟಿತು. ತಿತಿಯ ದ್ವೀಪಗಳಿಗೇ ಅಲಾಸ್ಕದಿಂದ ಚಳಿಗಾಲ ಕಳೆಯಲು ಬರುವ ಹಕ್ಕಿಗಳಿವೆ. ಪೆಸಿಫಿಕ್ ಗೋಲ್ಡನ್ ಪ್ಲೋವರ್ ಅಲ್ಲಿಗೂ ಬರುತ್ತದೆ, ನಿಮ್ಮ ಕರಾವಳಿಗೂ ಬರುತ್ತದೆ. ಬ್ರಿಸಲ್‌ಥೈಡ್ ಕರ್ಲ್ಯೂ ಎಂಬ ಇನ್ನೊಂದು ಹಕ್ಕಿ ಇದೆ. ಅದು ಪಶ್ಚಿಮ ಅಲಾಸ್ಕದಲ್ಲಿ ಮರಿ ಮಾಡಿ, ಸಮುದ್ರದ ಮೇಲೆ ಸಾವಿರಾರು ಕಿಲೋಮೀಟರ್ ಒಂದೇ ಸಮನೆ ಹಾರಿ ಈ ಅಟಾಲ್‌ಗಳಿಗೆ ಬರುತ್ತದೆ. ಬಂದ ಮೇಲೆ ಗರಿ ಉದುರಿಸುತ್ತದೆ. ಬೆಳೆದ ಹಕ್ಕಿಗಳಲ್ಲಿ ಅರ್ಧದಷ್ಟಕ್ಕೆ ಆಗ ಎಷ್ಟು ಗರಿ ಒಟ್ಟಿಗೆ ಉದುರುತ್ತವೆ ಎಂದರೆ ಕೆಲವು ದಿನ ಹಾರಲಿಕ್ಕೇ ಆಗುವುದಿಲ್ಲ. ಗೊರವ ಬಳಗದಲ್ಲಿ ಹೀಗೆ ಹಾರಾಟವನ್ನೇ ಕಳೆದುಕೊಳ್ಳುವ ಬೇರೆ ಹಕ್ಕಿ ಇಲ್ಲ. ನೆಲದ ಮೇಲೆ ಶತ್ರುಗಳಿಲ್ಲದ ಜಾಗದಲ್ಲಿ ಮಾತ್ರ ಯಾರಾದರೂ ಇಂಥ ಧೈರ್ಯ ಮಾಡಬಹುದು.

ತಿತಿಯ ಪೂರ್ವಜರೂ ಎಂದೋ ಒಮ್ಮೆ ಹೀಗೇ ಹಾರಿ ಬಂದವರಿರಬೇಕು. ಡಿಎನ್‌ಎ ಪ್ರಕಾರ ಇವು ಟರ್ನ್‌ಸ್ಟೋನ್ ಮತ್ತು ಸ್ಟಿಂಟ್ ಎಂಬ ಸಣ್ಣ ಕಡಲತೀರದ ಹಕ್ಕಿಗಳ ಬಳಗಕ್ಕೆ ಹತ್ತಿರ. ಅವೆಲ್ಲ ಪಕ್ಕಾ ವಲಸೆಗಾರರು. ಬಂದವರಲ್ಲಿ ಕೆಲವರು ಉಳಿದುಕೊಂಡರು. ಯಾಕೆ ಉಳಿಯಬಾರದು? ವಲಸೆ ಎನ್ನುವುದು ಶೋಕಿಗೆ ಮಾಡುವ ಪ್ರಯಾಣ ಅಲ್ಲ. ಉತ್ತರದಲ್ಲಿ ಬೇಸಿಗೆಯ ಕೆಲವು ವಾರ ಕೀಟಗಳ ಸುಗ್ಗಿ, ಆಮೇಲೆ ಹಿಮ. ಅದಕ್ಕಾಗಿ ಹೋಗಬೇಕು, ಬರಬೇಕು. ಅಟಾಲ್‌ನಲ್ಲಿ ಹನ್ನೆರಡು ತಿಂಗಳೂ ಸೆಖೆ, ಹನ್ನೆರಡು ತಿಂಗಳೂ ಒಂದಿಷ್ಟು ಆಹಾರ. ಅದೂ ಅಲ್ಲದೆ ನೆಲದ ಮೇಲಿನ ಮೊಟ್ಟೆ ಕದಿಯುವ ಸಸ್ತನಿ ಒಂದೂ ಇರಲಿಲ್ಲ. ಏಡಿಗಳಿದ್ದವು, ಅಷ್ಟೇ. ಇಷ್ಟೆಲ್ಲ ಇರುವಾಗ ಸಾವಿರಾರು ಕಿಲೋಮೀಟರ್ ಹಾರುವ ರೆಕ್ಕೆ ಇಟ್ಟುಕೊಳ್ಳುವುದು ದುಬಾರಿ. ತಲೆಮಾರುಗಳು ಕಳೆದಂತೆ ರೆಕ್ಕೆ ಗಿಡ್ಡವಾಯಿತು. ಒಂದು ಮೊಟುವಿನಿಂದ ಇನ್ನೊಂದಕ್ಕೆ ಇವತ್ತಿಗೂ ಹಾರುತ್ತದೆ. ಅಲಾಸ್ಕಕ್ಕೆ ಹೋಗುವ ರೆಕ್ಕೆ ಮಾತ್ರ ಅಲ್ಲ.

ಗೂಡು ಎಂದರೆ ಹವಳದ ಚೂರುಗಳ ನಡುವೆ ಒಂದು ತಗ್ಗು, ಅದರಲ್ಲಿ ಒಂದಿಷ್ಟು ಹುಲ್ಲುಕಡ್ಡಿ, ಸಾಮಾನ್ಯವಾಗಿ ಎರಡು ಮೊಟ್ಟೆ. ಬಳಗದ ಹೆಚ್ಚಿನ ಹಕ್ಕಿಗಳು ನಾಲ್ಕು ಇಡುತ್ತವೆ. ಎರಡೇ ಮೊಟ್ಟೆ ಇಡುವ ಹಕ್ಕಿಗೆ ನಷ್ಟ ತುಂಬಿಕೊಳ್ಳಲು ಜಾಸ್ತಿ ಕಾಲ ಬೇಕು. ಮನುಷ್ಯರನ್ನು ಕಂಡರೆ ಹೆದರಿಕೆಯೂ ಇಲ್ಲ. ಕುತೂಹಲದಿಂದ ಕಾಲ ಬುಡಕ್ಕೇ ಬಂದು ನೋಡುತ್ತದೆ. ಇದನ್ನು ಪೆದ್ದುತನ ಎನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಹೆದರಬೇಕಾದದ್ದು ಏನೂ ಇರದ ಊರಿನಲ್ಲಿ ಸುಮ್ನೆ ಹೆದರುತ್ತಾ ಕೂರುವುದೇ ದಂಡ.

ಆಮೇಲೆ ದೋಣಿಗಳು ಬಂದವು.

ಪಾಲಿನೇಷ್ಯಾದ ಜನ ಸುಮಾರು 800 ರಿಂದ 1,000 ವರ್ಷಗಳ ಹಿಂದೆ ಈ ದ್ವೀಪಗಳಿಗೆ ಬಂದರು. ಅವರ ಜೊತೆ ಪಾಲಿನೇಷ್ಯಾದ ಸಣ್ಣ ಇಲಿಯೂ ಬಂತು. ತಿತಿಯ ನೆಂಟರು ಆ ಕಾಲದಲ್ಲಿ ಪೆಸಿಫಿಕ್‌ನ ಎಷ್ಟೋ ದ್ವೀಪಗಳಲ್ಲಿ ಇದ್ದರು. ತುವಾಮೊಟುವಿನ ಆಗ್ನೇಯಕ್ಕಿರುವ ಹೆಂಡರ್ಸನ್ ದ್ವೀಪದಲ್ಲಿ ಅಂಥ ಒಂದು ಹಕ್ಕಿಯ ಮೂಳೆಗಳು ಸಿಕ್ಕಿ, 2020ರಲ್ಲಿ ಅದಕ್ಕೆ ಹೊಸ ಪ್ರಭೇದವೆಂದು ಹೆಸರಿಟ್ಟರು. ಜನ ಮತ್ತು ಇಲಿ ಬಂದ ಮೇಲೆ ಅದು ಅಳಿದುಹೋಗಿತ್ತು. ಟಹೀಟಿಯಲ್ಲಿದ್ದ ನೆಂಟನನ್ನು ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಎರಡನೇ ಯಾನದವರು 1773ರಲ್ಲಿ ಕಂಡರು, ಹಿಡಿದರು, ಚಿತ್ರ ಬರೆದರು. ಆ ಹಕ್ಕಿಯ ಒಂದೇ ಒಂದು ಚರ್ಮ ಈಗ ನೆದರ್ಲೆಂಡ್ಸ್‌ನ ಲೈಡನ್ ಮ್ಯೂಸಿಯಂನಲ್ಲಿದೆ. ಜೀವಂತ ಹಕ್ಕಿ ಇಲ್ಲ. ಕುಕ್‌ನ ಮೂರನೇ ಯಾನ 1777ರ ಕ್ರಿಸ್ಮಸ್ ಹೊತ್ತಿಗೆ ಕಿರಿಬಾತಿಯ ಕ್ರಿಸ್ಮಸ್ ದ್ವೀಪ ತಲುಪಿತು. ಅಲ್ಲೂ ಒಂದು ಸಿಕ್ಕಿತ್ತು. ಅದರ ಚರ್ಮ ಕಳೆದುಹೋಯಿತು, ವಿಲಿಯಂ ಎಲಿಸ್ ಬರೆದ ಚಿತ್ರ ಮಾತ್ರ ಉಳಿಯಿತು. ಇಡೀ ವಂಶದಲ್ಲಿ ಈಗ ಉಸಿರಾಡುತ್ತಿರುವುದು ತಿತಿ ಒಂದೇ. ನನ್ನ ಪ್ರಕಾರ ಸಾವಿರದ ಚಿಲ್ಲರೆ ಎನ್ನುವ ಸಂಖ್ಯೆಗಿಂತ ಇದು ದೊಡ್ಡ ಮಾತು. ಇದು ಹೋದರೆ ಒಂದು ಪ್ರಭೇದವಲ್ಲ, ಒಂದು ಕುಲವೇ ಹೋದ ಹಾಗೆ.

ತಿತಿಗೆ ವಿಜ್ಞಾನದ ಹೆಸರು ಕೊಟ್ಟವನು ಅಮೆರಿಕದ ಟಿಶನ್ ಪೀಲ್, 1848ರಲ್ಲಿ. ಅಮೆರಿಕ ಸರ್ಕಾರ 1838ರಿಂದ 1842ರವರೆಗೆ ಕಳಿಸಿದ್ದ ಅನ್ವೇಷಣಾ ಹಡಗುಗಳಲ್ಲಿ ಅವನಿದ್ದ. ಆಮೇಲೆ 1920ರ ದಶಕದಲ್ಲಿ ನ್ಯೂಯಾರ್ಕ್‌ನ ನೈಸರ್ಗಿಕ ಇತಿಹಾಸ ಮ್ಯೂಸಿಯಂನ ವಿಟ್ನಿ ಯಾತ್ರೆಯವರು ತುವಾಮೊಟುವಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಸುತ್ತಿದರು. ಆಗ ತಿತಿ ಈಗಿಗಿಂತ ಎಷ್ಟೋ ಹೆಚ್ಚು ಅಟಾಲ್‌ಗಳಲ್ಲಿ ಸಿಗುತ್ತಿತ್ತು. ಅಂದರೆ ದೊಡ್ಡ ಕುಸಿತ ಆದದ್ದು ಹಳೇ ಪುರಾಣದ ಕಾಲದಲ್ಲಿ ಅಲ್ಲ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ.

ಈ ಎರಡನೇ ಕುಸಿತದ ಹಿಂದೆ ಕೊಬ್ಬರಿ ವ್ಯಾಪಾರ ಇದೆ. ಮೊಟುಗಳ ಕಾಡು ಕಡಿದು, ಸುಟ್ಟು, ತೆಂಗು ನೆಟ್ಟರು. ಕೊಬ್ಬರಿ ಒಯ್ಯಲು ದೋಣಿ ಬಂತು. ದೋಣಿಯಲ್ಲಿ ಬೆಕ್ಕು ಬಂತು, ಮತ್ತು ಕಪ್ಪು ಇಲಿ ಬಂತು. ನಾನು ಮೊದಲಿಗೆ ಹೇಳಿದ ಪ್ರಾಣಿ ಇದೇ. ಹಡಗಿನ ಇಲಿ ಎಂದು ಲೋಕವೆಲ್ಲ ಕರೆಯುವ ಈ ಇಲಿಯ ತವರು ನಮ್ಮ ದಕ್ಷಿಣ ಭಾರತ. ನಮ್ಮ ಮನೆಯ ಅಟ್ಟದಲ್ಲಿ ರಾತ್ರಿ ಓಡಾಡುವುದು, ತೋಟದಲ್ಲಿ ಎಳನೀರು ಕೊರೆಯುವುದು ಇದೇ ಬಳಗ. ಪ್ರಾಚೀನ ಕಾಲದ ವ್ಯಾಪಾರದ ದಾರಿಯಲ್ಲಿ ಅದು ಯುರೋಪಿಗೆ ಹೋಯಿತು. ಯುರೋಪಿನ ಹಡಗು ಹತ್ತಿ ಪೆಸಿಫಿಕ್‌ಗೆ ಹೋಯಿತು.

ಪಾಲಿನೇಷ್ಯಾದ ಇಲಿಗಿಂತ ಇದು ದೊಡ್ಡದು, ಜಾಸ್ತಿ ಚುರುಕು, ಮರ ಹತ್ತುವುದರಲ್ಲಿ ಪಳಗಿದ್ದು. ಸಣ್ಣ ಇಲಿ ಇರುವ ಕಡೆ ತಿತಿ ಹೇಗೋ ಕಡಿಮೆ ಸಂಖ್ಯೆಯಲ್ಲಿ ದಿನ ದೂಡಿದ್ದುಂಟು. ಕಪ್ಪು ಇಲಿ ಬೆಕ್ಕು ಎರಡೂ ಬಂದ ಅಟಾಲ್‌ಗಳಲ್ಲಿ ಕತೆ ಮುಗಿಯಿತು ಎಂದೇ ಲೆಕ್ಕ. ಇಲಿ ಮೊಟ್ಟೆ ತಿನ್ನುತ್ತದೆ, ಮರಿ ತಿನ್ನುತ್ತದೆ, ಕಾವಿಗೆ ಕೂತ ತಾಯಿಯನ್ನೂ ಬಿಡುವುದಿಲ್ಲ. ಜೊತೆಗೆ ತಿತಿಯ ಊಟವಾದ ಕೀಟ ಮತ್ತು ಹೂವನ್ನೂ ತಿನ್ನುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿರಬಹುದು. ತೆನರಾರೊದಿಂದ ಒಂದು ಜೋಡಿ ತಿತಿ ಹಾರಿ ಪಕ್ಕದ ಅಟಾಲ್‌ಗೆ ಹೋಯಿತು ಎಂದಿಟ್ಟುಕೊಳ್ಳಿ. ಅಲ್ಲಿ ಇಲಿ ಇದ್ದರೆ? ಆ ಜೋಡಿ ಬದುಕುತ್ತದೆ, ಮೊಟ್ಟೆಯೂ ಇಡುತ್ತದೆ, ಮರಿ ಮಾತ್ರ ದೊಡ್ಡದಾಗುವುದಿಲ್ಲ. ಹೊರಗಿನಿಂದ ನೋಡುವವರಿಗೆ ಹಕ್ಕಿ ಹರಡುವುದೇ ಇಲ್ಲ ಎನಿಸುತ್ತದೆ.

ನಕ್ಷೆ ತೆಗೆದು ನೋಡುವವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಫ್ರಾನ್ಸ್ 1966ರಿಂದ 1996ರವರೆಗೆ ಅಣುಬಾಂಬ್ ಪರೀಕ್ಷೆ ನಡೆಸಿದ ಮೊರುರೊವಾ ಮತ್ತು ಫಂಗಟೌಫಾ ಇರುವುದೂ ಇದೇ ತುವಾಮೊಟುವಿನ ದಕ್ಷಿಣ ತುದಿಯಲ್ಲಿ. ತೆನರಾರೊ, ಮೊರಾನೆ ಇರುವುದೂ ಆ ತುದಿಯಲ್ಲೇ. ಅಷ್ಟೆಲ್ಲ ನಡೆದ ನೆರೆಯಲ್ಲಿ ತಿತಿ ಉಳಿದಿದೆ, ಇಲಿ ಹೊಕ್ಕ ದೂರದ ಶಾಂತ ಅಟಾಲ್‌ಗಳಲ್ಲಿ ಇಲ್ಲ. ಬಾಂಬ್ ಪರೀಕ್ಷೆ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ, ಅಲ್ಲಿನ ಜನ ಅದರ ಕಷ್ಟ ಉಂಡಿದ್ದಾರೆ. ಇಲಿ ಎಷ್ಟು ದೊಡ್ಡ ಅಪಾಯ ಎನ್ನುವುದಕ್ಕೆ ಹೇಳಿದೆ.

ಇನ್ನು ಮೃಗಾಲಯ. ಇದಕ್ಕೆ ನ್ಯೂಜಿಲೆಂಡಿನ ಉದಾಹರಣೆ ಕೊಡುವುದು ಸರಿ. ಅಲ್ಲಿ ಶೋರ್ ಪ್ಲೋವರ್ ಎಂಬ ಇಂಥದ್ದೇ ದ್ವೀಪದ ಹಕ್ಕಿ ಇದೆ. ಬೆಕ್ಕು ಇಲಿಗಳ ಕಾಟದಿಂದ ಅದು ಮುಖ್ಯ ನೆಲದಿಂದ 19ನೇ ಶತಮಾನದಲ್ಲೇ ಅಳಿಯಿತು. ಸುಮಾರು 800 ಕಿಲೋಮೀಟರ್ ಪೂರ್ವದ ಚಾಟಮ್ ದ್ವೀಪಗಳ ಪೈಕಿ ಎರಡು ಚದರ ಕಿಲೋಮೀಟರ್‌ನಷ್ಟಿರುವ ರಂಗಟೀರ ದ್ವೀಪದಲ್ಲಿ ಉಳಿದುಕೊಂಡಿತು. ನ್ಯೂಜಿಲೆಂಡಿನವರು ಈ ಹಕ್ಕಿಯನ್ನು ಪಂಜರದಲ್ಲಿ ಮರಿ ಮಾಡಿಸುವುದನ್ನು ಕಲಿತರು. ಮರಿಗಳನ್ನು ಇಲಿ ಇಲ್ಲದ ದ್ವೀಪಗಳಿಗೆ ಬಿಟ್ಟರು. 2007ರಲ್ಲಿ ಮನ ದ್ವೀಪಕ್ಕೆ ಬಿಡಲು ಶುರು ಮಾಡಿದರು, ಚೆನ್ನಾಗೇ ಬೆಳೆಯಿತು. 2011ರಲ್ಲಿ ಆ ದ್ವೀಪಕ್ಕೆ ಒಂದು ಇಲಿ ನುಗ್ಗಿತು. ಒಂದೇ ಒಂದು. ಅದನ್ನು ಹಿಡಿಯುವಷ್ಟರಲ್ಲಿ ಅಲ್ಲಿನ ಹಕ್ಕಿಗಳಲ್ಲಿ ಬಹುಪಾಲು ಇರಲಿಲ್ಲ. ಕೆಲವನ್ನು ಇಲಿ ತಿಂದಿತು, ಉಳಿದವು ಗಾಬರಿಯಾಗಿ ಬಿಟ್ಟುಹೋದವು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಪಂಜರದಲ್ಲಿ ಸಾಕುವುದು ತಪ್ಪಲ್ಲ, ಆದರೆ ತಿತಿಯ ವಿಷಯದಲ್ಲಿ ಮೊದಲ ರೂಪಾಯಿ ಅದಕ್ಕೆ ಹೋಗಬಾರದು. ಕೀಟ, ಮಕರಂದ ಎರಡೂ ಬೇಕಾದ ಹಕ್ಕಿಯನ್ನು ಸಾಕುವುದು ಸುಲಭವೂ ಅಲ್ಲ. ದುಡ್ಡು ದ್ವೀಪ ಶುಚಿ ಮಾಡಲು ಹೋಗಬೇಕು. ಜಾಗ ತಯಾರಿದ್ದರೆ ಹಕ್ಕಿ ತಾನೇ ಹೋಗಲೂಬಹುದು, ನಾವು ಹಿಡಿದು ಬಿಡಲೂಬಹುದು.

ದ್ವೀಪದಿಂದ ಇಲಿ ತೆಗೆಯುವುದು ಎಂದರೆ ಒಂದು ಇಲಿಯನ್ನೂ ಬಿಡದೆ ತೆಗೆಯುವುದು. ನೂರಕ್ಕೆ ತೊಂಬತ್ತೊಂಬತ್ತು ತೆಗೆದರೆ ಸೊನ್ನೆ ಅಂಕ. ಹೆಂಡರ್ಸನ್‌ನಲ್ಲಿ 2011ರಲ್ಲಿ ಹೆಲಿಕಾಪ್ಟರ್‌ನಿಂದ ವಿಷದ ಕಾಳು ಚೆಲ್ಲಿದರು. ಸಾವಿರಾರು ಇಲಿ ಸತ್ತವು, ಹತ್ತಾರು ಉಳಿದವು. ಆ ಹತ್ತಾರೇ ಮತ್ತೆ ದ್ವೀಪ ತುಂಬಿದವು. ಅಟಾಲ್‌ಗಳಲ್ಲಿ ಇನ್ನೊಂದು ತಲೆನೋವು ಏಡಿಗಳದ್ದು. ಈ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ಕೊಲ್ಲುತ್ತದೆ. ಏಡಿಯ ರಕ್ತದ ವ್ಯವಸ್ಥೆಯೇ ಬೇರೆ. ಹಾಗಾಗಿ ಅವು ವಿಷದ ಕಾಳನ್ನು ಆರಾಮಾಗಿ ತಿಂದು ಮುಗಿಸುತ್ತವೆ, ಇಲಿಗೆ ಉಳಿಯುವುದಿಲ್ಲ. ಏಡಿಯ ಪಾಲನ್ನೂ ಲೆಕ್ಕ ಹಾಕಿ ಜಾಸ್ತಿ ಚೆಲ್ಲಬೇಕು.

ಇಷ್ಟೆಲ್ಲ ಇದ್ದರೂ ಕೆಲಸ ಆಗಿದೆ. 2015ರಲ್ಲಿ ಸ್ಥಳೀಯ ಪಕ್ಷಿ ಸಂಸ್ಥೆ ಮನು, ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಮತ್ತು ಐಲ್ಯಾಂಡ್ ಕನ್ಸರ್ವೇಷನ್ ಸೇರಿ ತೆನರಾರೊ ಇರುವ ಆಕ್ಟಿಯಾನ್ ಸಮೂಹ ಮತ್ತು ಅದರಾಚೆಯ ಗ್ಯಾಂಬಿಯರ್ ಸಮೂಹದ ಆರು ದ್ವೀಪಗಳಲ್ಲಿ ಒಟ್ಟಿಗೆ ಕಾರ್ಯಾಚರಣೆ ನಡೆಸಿದವು. ಎರಡು ವರ್ಷ ಕಾದು ನೋಡಿದಾಗ ಐದರಲ್ಲಿ ಇಲಿಯಂಥ ಹೊರಗಿನ ಪ್ರಾಣಿಗಳು ಪೂರ್ತಿ ಹೋಗಿದ್ದವು. ಕೈಕೊಟ್ಟದ್ದು ಕಮಾಕಾ ಒಂದೇ. ಅಲ್ಲಿಗೆ 2022ರಲ್ಲಿ ಡ್ರೋನ್ ಬಳಸಿ ಮತ್ತೆ ಕಾಳು ಹಾಕಿದರು. ಗೆದ್ದ ಐದರಲ್ಲಿ ವಹಂಗ, ತೆನರುಂಗ ಸೇರಿವೆ. ಇವೆರಡೂ ತಿತಿಯ ಕೋಟೆಯಾದ ತೆನರಾರೊದ ಪಕ್ಕದ ಮನೆಗಳು. ಪಾಲಿನೇಷ್ಯಾದ ನೆಲಪಾರಿವಾಳಕ್ಕೂ ಇದರಿಂದ ಜಾಗ ಸಿಕ್ಕಿತು. ಅದು ತಿತಿಗಿಂತಲೂ ಅಪರೂಪದ ಹಕ್ಕಿ, ತೆನರಾರೊವನ್ನೇ ನಂಬಿಕೊಂಡಿತ್ತು.

ಅಲ್ಲಿನ ಜನರನ್ನು ಇದರಲ್ಲಿ ಖಳರ ಹಾಗೆ ನೋಡುವುದು ಸುಲಭ, ಆದರೆ ಸರಿಯಲ್ಲ. ಕೊಬ್ಬರಿ ಅವರ ಜೀವನ. ಸರ್ಕಾರ ಬೆಂಬಲ ಬೆಲೆ ಕೊಟ್ಟು ಅದನ್ನು ನಡೆಸಿಕೊಂಡು ಬಂದಿದೆ. ಇಲಿಯಿಂದ ಅವರಿಗೂ ನಷ್ಟವೇ. ಇಲಿ ಹತ್ತದಿರಲಿ ಎಂದು ತೆಂಗಿನ ಮರದ ಕಾಂಡಕ್ಕೆ ಅಲ್ಲಿ ಅಲ್ಯೂಮಿನಿಯಂ ತಗಡಿನ ಪಟ್ಟಿ ಸುತ್ತುತ್ತಾರೆ. ಲಕ್ಷದ್ವೀಪದ ತೆಂಗಿನ ತೋಟದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಇಲಿ ಹೋದರೆ ತಿತಿಗೂ ಲಾಭ, ಕೊಬ್ಬರಿಗೂ ಲಾಭ.

ಬಿಸಿಯಾಗುತ್ತಿರುವ ಸಮುದ್ರದ ಬಗ್ಗೆಯೂ ಒಂದು ಮಾತು. ಪೆಸಿಫಿಕ್‌ನ ನೀರು ಕೆಲವು ವರ್ಷಕ್ಕೊಮ್ಮೆ ಅತಿಯಾಗಿ ಬಿಸಿಯಾಗುವುದನ್ನು ಎಲ್ ನಿನೊ ಎನ್ನುತ್ತಾರೆ. 1982–83ರ ಎಲ್ ನಿನೊ ಹೊತ್ತಿಗೆ ಫ್ರೆಂಚ್ ಪಾಲಿನೇಷ್ಯಾಕ್ಕೆ ಸಾಲಾಗಿ ಚಂಡಮಾರುತಗಳು ಬಡಿದವು. ಎರಡು ಮೂರು ಮೀಟರ್ ಎತ್ತರದ ನೆಲದ ಮೇಲೆ ಅಲೆ ದಾಟಿ ಹೋದರೆ ನೆಲದ ಗೂಡಿನ ಗತಿ ಊಹಿಸಿಕೊಳ್ಳಿ. ಹಿಂದೆ ಒಂದು ಅಟಾಲ್ ತೊಳೆದುಹೋದರೆ ಪಕ್ಕದ ಅಟಾಲ್‌ನಿಂದ ಹಕ್ಕಿಗಳು ಬಂದು ತುಂಬುತ್ತಿದ್ದವು. ಈಗ ಪಕ್ಕದಲ್ಲಿ ಹಕ್ಕಿಯೇ ಇಲ್ಲ. ಹಾಗಾಗಿ ಹೆಚ್ಚು ಅಟಾಲ್‌ಗಳಲ್ಲಿ ಹಂಚಿ ಇರಿಸುವುದೇ ಸದ್ಯಕ್ಕೆ ಇರುವ ವಿಮೆ. ಎತ್ತರ ಇರುವ ದ್ವೀಪಗಳೂ ಆ ಪಟ್ಟಿಯಲ್ಲಿ ಇರಬೇಕು ಎಂದು ನನಗನಿಸುತ್ತದೆ.

ಕೊನೆಯ ಪ್ರಶ್ನೆ, ಹೋಗಿ ನೋಡಬಹುದೇ? ತೆನರಾರೊ, ಮೊರಾನೆಯ ಆಸೆ ಬಿಟ್ಟುಬಿಡಿ. ವಿಮಾನವಿಲ್ಲ, ಊರಿಲ್ಲ, ಮತ್ತು ಅಲ್ಲಿಗೆ ಕಡಿಮೆ ದೋಣಿ ಹೋದಷ್ಟೂ ಹಕ್ಕಿಗೆ ಒಳ್ಳೆಯದು. ತಹಾನೆಯ ಅಟಾಲ್‌ಗೆ ಫಕರಾವ ಕಡೆಯಿಂದ ವಿಹಾರದೋಣಿಗಳು ಹೋಗುತ್ತವೆ. ಹಕ್ಕಿ ನೋಡುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಅದೇ. ನಿಮ್ಮ ನೆಂಟರೋ ಪರಿಚಯದವರೋ ಆ ಕಡೆ ಹೋಗುವುದಿದ್ದರೆ ಮೂರು ಮಾತು ಹೇಳಿ. ಹೊರಡುವ ಮುಂಚೆ ಅಕ್ಕಿಚೀಲ, ಹಣ್ಣಿನ ಪೆಟ್ಟಿಗೆ, ಹಗ್ಗದ ಸುರುಳಿ ಎಲ್ಲ ಬಿಚ್ಚಿ ನೋಡಬೇಕು, ಇಲಿ ಇರುವೆ ಎರಡಕ್ಕೂ. ರಾತ್ರಿ ದೋಣಿಯನ್ನು ದಡಕ್ಕೆ ಹಗ್ಗ ಕಟ್ಟಿ ನಿಲ್ಲಿಸಬಾರದು, ಲಗೂನ್‌ನಲ್ಲಿ ಲಂಗರು ಹಾಕಬೇಕು. ಮೊಟು ಮೇಲೆ ನಡೆಯುವಾಗ ಕಣ್ಣು ನೆಲದ ಮೇಲಿರಲಿ, ಎರಡು ಮಚ್ಚೆ ಮೊಟ್ಟೆಗಳು ಹವಳದ ಚೂರಿನ ಬಣ್ಣದಲ್ಲೇ ಬೆರೆತುಹೋಗಿರುತ್ತವೆ. ಹಕ್ಕಿಯನ್ನು ಹುಡುಕಿಕೊಂಡು ಜಾಸ್ತಿ ಅಲೆಯಬೇಕಿಲ್ಲ. ಒಂದು ಕಡೆ ಕೂತರೆ ಅದೇ ಹತ್ತಿರ ಬರುತ್ತದೆ.